ಮಕ್ಕಳ ಜಿಪಿಎಸ್ ವಾಚ್: ಶಾಲಾ ಬಸ್ಸಿನಲ್ಲಿ ಆರು ತಿಂಗಳು ಬಳಸಿದ ಮೇಲೆ

ಕಳೆದ ಜೂನ್‌ನಲ್ಲಿ ನನ್ನ ಮಗನಿಗೆ ಒಂದು ಜಿಪಿಎಸ್ ವಾಚ್ ತರಿಸಿದೆ. ಬೆಲೆ 4,499 ರೂಪಾಯಿ. ಸಿಮ್ ಬೇರೆ, ಅದರ ರೀಚಾರ್ಜ್ ಬೇರೆ. ಸಮಯ ನೋಡಲಿ ಅಂತ ತರಿಸಿದ್ದಲ್ಲ. ಶಾಲಾ ಬಸ್ಸಿನಲ್ಲಿ ದೊಡ್ಡ ಹುಡುಗರು ಅವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು, ಅದು ನಿಲ್ಲಬೇಕಿತ್ತು. ವಾಚಿನ ಜಾಹೀರಾತಿನಲ್ಲೂ ಅದೇ ಮಾತಿತ್ತು, ನಿಮ್ಮ ಮಗುವಿಗೆ ಯಾರೂ ತೊಂದರೆ ಕೊಡದಂತೆ ಕಾವಲು ಅಂತ. ಆ ಒಂದು ಸಾಲು ಓದಿ ದುಡ್ಡು ಕೊಟ್ಟೆ. ಹಾಗಾಗಿ ಈ ರಿವ್ಯೂ ಕೂಡ ಹೆಚ್ಚಾಗಿ ಆ ಒಂದು ಸಾಲಿನ ಬಗ್ಗೆಯೇ ಇದೆ.

ಕಂಪನಿ ಹೆಸರು ಬರೆಯುತ್ತಿಲ್ಲ. ಈ ಬೆಲೆಯ ವಾಚುಗಳಲ್ಲಿ ಹಲವು ಒಂದೇ ಥರದ ಆಪ್ ಮೇಲೆ ಓಡುತ್ತವೆ, ಡಬ್ಬದ ಮೇಲಿನ ಹೆಸರು ಮಾತ್ರ ಬೇರೆ. ನಾನು ಹೇಳುವುದು ಬಹುಪಾಲು ನೀವು ನೋಡುತ್ತಿರುವ ವಾಚಿಗೂ ಸೇರುತ್ತದೆ.

ನಾವಿರುವುದು ಶಾಂತಳ್ಳಿ ಕಡೆ. ಶಾಲೆ ಸೋಮವಾರಪೇಟೆಯಲ್ಲಿ. ಬೆಳಿಗ್ಗೆ ಏಳೂ ಮುಕ್ಕಾಲಿಗೆ ಬಸ್ಸು ನಮ್ಮ ತಿರುವಿಗೆ ಬರುತ್ತದೆ, ಅಲ್ಲಿಂದ ತೋಟ ತೋಟ ಸುತ್ತಿ ಮಕ್ಕಳನ್ನು ಹತ್ತಿಸಿಕೊಂಡು ಪೇಟೆ ಮುಟ್ಟುವಾಗ ಮುಕ್ಕಾಲು ಗಂಟೆ ದಾಟುತ್ತದೆ, ಮಳೆ ಜೋರಿದ್ದು ಎಲ್ಲಾದರೂ ಮರ ಬಿದ್ದಿದ್ದರೆ ಇನ್ನೂ ಜಾಸ್ತಿ. ಸಂಜೆಯೂ ಅಷ್ಟೇ. ಬಸ್ಸಿನಲ್ಲಿ ದೊಡ್ಡವರು ಅಂತ ಇರುವುದು ಇಬ್ಬರೇ. ಡ್ರೈವರ್ ಕಣ್ಣು ರಸ್ತೆ ಮೇಲೆ ಇರಬೇಕು. ಕ್ಲೀನರ್ ಬಾಗಿಲ ಹತ್ತಿರ ನಿಂತಿರುತ್ತಾನೆ. ಹಿಂದಿನ ನಾಲ್ಕು ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ.

ಮಗ ಆರನೇ ಕ್ಲಾಸು. ಅವನಿಗೆ ಮಾತು ತೊದಲುತ್ತದೆ. ಅವನ ಹೆಸರಿನ ಮೊದಲ ಅಕ್ಷರವೇ ಅವನಿಗೆ ಕಷ್ಟ. ಮನೆಯಲ್ಲಿ ನಮಗೆ ಅದು ಅಭ್ಯಾಸವಾಗಿದೆ, ಅವನು ಹೇಳಿ ಮುಗಿಸುವವರೆಗೆ ಕಾಯುತ್ತೇವೆ. ಬಸ್ಸಿನಲ್ಲಿ ಎಂಟನೇ ಕ್ಲಾಸಿನ ಮೂವರು ಹುಡುಗರಿಗೆ ಅದೇ ಆಟವಾಗಿತ್ತು. ಹೆಸರು ಹೇಳು, ಹೇಳಿದ್ರೆ ಸೀಟು ಬಿಡ್ತೀವಿ ಅನ್ನುವುದು. ಅವನು ಸಿಕ್ಕಿಕೊಂಡಾಗ ಎಲ್ಲರೂ ಸೇರಿ ಜೋರಾಗಿ ಎಣಿಸುವುದು, ಒಂದು, ಎರಡು, ಮೂರು, ನಾಲ್ಕು. ಹತ್ತು ಮುಟ್ಟಿದರೆ ಅವನ ಕೊಡೆ ಕಿಟಕಿಯಿಂದ ಹೊರಗೆ.

ಇದೆಲ್ಲ ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಶಾಲೆ ಶುರುವಾಗಿ ಮೂರು ವಾರದಲ್ಲಿ ಮೂರು ಕೊಡೆ ಕಳೆದಿದ್ದ. ಎಲ್ಲಿ ಬಿಟ್ಟೆ ಅಂದರೆ "ಮರೆತೆ ಅಮ್ಮ" ಅಷ್ಟೇ ಉತ್ತರ. ಮೂರನೇ ಕೊಡೆಗೆ ನಾನು ಚೆನ್ನಾಗಿ ಬೈದೆ. ಸೋಮವಾರ ಬೆಳಿಗ್ಗೆ ತಪ್ಪದೆ ಹೊಟ್ಟೆನೋವು, ಭಾನುವಾರ ಸಂಜೆಯಿಂದಲೇ ಮುಖ ಸಪ್ಪೆ. ಮಳೆಗೆ ರಜೆ ಕೊಟ್ಟಿದ್ದಾರೆ ಅಂತ ಸುದ್ದಿ ಬಂದರೆ ಎಲ್ಲ ಮಕ್ಕಳೂ ಕುಣಿಯುತ್ತಾರೆ, ಇವನು ಕುಣಿಯುತ್ತಿರಲಿಲ್ಲ, ದೊಡ್ಡ ಉಸಿರು ಬಿಟ್ಟು ಮತ್ತೆ ಮಲಗುತ್ತಿದ್ದ. ಅದನ್ನು ನೋಡಿಯೂ ನನಗೆ ಹೊಳೆಯಲಿಲ್ಲ. ಶಾಲೆಯಿಂದ ಬಂದವನೇ ಮಧ್ಯಾಹ್ನದ ಬುತ್ತಿಯನ್ನು ಹಿತ್ತಲಲ್ಲಿ ನಿಂತು ಗಬಗಬ ತಿನ್ನುತ್ತಿದ್ದ. ಒಂದು ದಿನ ಅವನ ಅಜ್ಜಿ ನೋಡಿ ಕೂರಿಸಿಕೊಂಡು ಕೇಳಿದರು, ನಿಧಾನಕ್ಕೆ ಎಲ್ಲ ಹೇಳಿದ. ನನಗಲ್ಲ, ಅಜ್ಜಿಗೆ. ಕೊಡೆಗೆ ಬೈದವಳು ನಾನು, ನನ್ನ ಹತ್ತಿರ ಹೇಗೆ ಹೇಳುತ್ತಾನೆ?

ಆ ರಾತ್ರಿಯೇ ವಾಚ್ ಆರ್ಡರ್ ಮಾಡಿದೆ.

ಮೊದಲು ವಾಚಿನ ಒಳ್ಳೆಯದು ಹೇಳಿಬಿಡುತ್ತೇನೆ. ಕೊರಿಯರ್‌ನವರು ನಮ್ಮ ಊರಿನವರೆಗೆ ಬರುವುದಿಲ್ಲ, ಪೇಟೆಗೆ ಹೋಗಿ ತಂದೆವು, ಅದು ಬಿಟ್ಟರೆ ಡಬ್ಬ ಚೆನ್ನಾಗಿಯೇ ಬಂತು. ನಮ್ಮ ಜುಲೈ ಮಳೆಯಲ್ಲಿ ದಿನಾ ನೆನೆದರೂ ಒಳಗೆ ನೀರು ಹೋಗಿಲ್ಲ. ಪಟ್ಟಿ ಮೆತ್ತಗಿದೆ, ಕೈ ಕೆರೆತ ಇಲ್ಲ. ಸಿಗ್ನಲ್ ಇದ್ದ ಕಡೆ ಮಾತು ಸ್ಪಷ್ಟವಾಗಿ ಕೇಳುತ್ತದೆ. ನಾವು ಕೊಟ್ಟ ನಂಬರುಗಳಿಂದ ಮಾತ್ರ ಕರೆ ಬರುತ್ತದೆ, ಬೇರೆಯವರು ಮಾಡಿದರೆ ಹೋಗುವುದಿಲ್ಲ, ಅದು ನನಗೆ ಇಷ್ಟವಾಯಿತು. ಕ್ಲಾಸಿನ ಹೊತ್ತಿಗೆ ಎಲ್ಲ ಬಂದ್ ಮಾಡುವ ಸೌಲಭ್ಯವೂ ಇದೆ. ಅದನ್ನು ತೋರಿಸಿದ ಮೇಲೆಯೇ ಶಾಲೆಯವರು ಹಾಕಿಕೊಂಡು ಬರಲು ಒಪ್ಪಿದ್ದು, ಹಲವು ಶಾಲೆಗಳಲ್ಲಿ ಒಪ್ಪುವುದಿಲ್ಲ, ಕೊಳ್ಳುವ ಮೊದಲು ಕೇಳಿ.

ಚಾರ್ಜ್ ಎರಡು ದಿನ ಅಂದಿದ್ದರು. ಸಿಗ್ನಲ್ ಹುಡುಕುತ್ತಾ ಇದ್ದರೆ ಒಂದೇ ದಿನ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಮೂರು ದಿನವೂ ಬರದೆ ಇರುವುದುಂಟು, ಆಗ ವಾಚು ಸತ್ತ ಹಾಗೆ.

ಇನ್ನು ಜಾಗ ತೋರಿಸುವ ಕೆಲಸ. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗಳ ಹತ್ತಿರ ಇಂಥದ್ದೇ ವಾಚಿದೆ, ಅಲ್ಲಿ ಅವಳು ಯಾವ ಬೀದಿಯಲ್ಲಿದ್ದಾಳೆ ಅಂತ ಸರಿಯಾಗಿ ತೋರಿಸುತ್ತದೆ. ಇಲ್ಲಿ ಬೇರೆ ಕಥೆ. ವಾಚು ಆಕಾಶದ ಉಪಗ್ರಹ ನೋಡಿ ತಾನು ಎಲ್ಲಿದ್ದೇನೆ ಅಂತ ತಿಳಿದುಕೊಳ್ಳುತ್ತದೆ, ಆದರೆ ಅದನ್ನು ನನಗೆ ಕಳಿಸಲು ಮೊಬೈಲ್ ಸಿಗ್ನಲ್ ಬೇಕೇ ಬೇಕು. ಬೆಟ್ಟದ ಮರೆ, ಎರಡೂ ಕಡೆ ಸಿಲ್ವರ್ ಓಕ್ ಸಾಲು, ಬಸ್ಸಿನ ತಗಡಿನ ಮಾಡು. ಉಪಗ್ರಹ ಸರಿಯಾಗಿ ಸಿಗದಿದ್ದರೆ ಹತ್ತಿರದ ಟವರ್ ಲೆಕ್ಕದಲ್ಲಿ ಅಂದಾಜು ಜಾಗ ತೋರಿಸುತ್ತದೆ. ನಮ್ಮ ಕಡೆ ಟವರ್‌ಗಳು ದೂರ ದೂರ. ಒಂದು ಸಂಜೆ ನನ್ನ ಮಗ ನಮ್ಮನೆ ಅಂಗಳದಲ್ಲಿ ಬೂಟು ಬಿಚ್ಚುತ್ತಿದ್ದ, ಆಪ್ ಅವನನ್ನು ಎರಡು ಕಿಲೋಮೀಟರ್ ಆಚೆಯ ಗುಡ್ಡದ ಮೇಲೆ ತೋರಿಸುತ್ತಿತ್ತು. ಸರಿಯಾಗಿ ತೋರಿಸಿದ ದಿನವೂ ಏನು ಉಪಯೋಗ ಹೇಳಿ. ಅವನು ಬಸ್ಸಿನಲ್ಲಿದ್ದಾನೆ ಅನ್ನುವುದು ನನಗೆ ಮೊದಲೇ ಗೊತ್ತು. ಬಸ್ಸಿನಲ್ಲಿ ಅವನಿಗೆ ಏನಾಗುತ್ತಿದೆ ಅನ್ನುವುದು ಗೊತ್ತಾಗಬೇಕಿತ್ತು.

ಅಪಾಯದ ಗುಂಡಿ ಅಂತ ಒಂದಿದೆ, ಮೂರು ಸೆಕೆಂಡ್ ಒತ್ತಿ ಹಿಡಿದರೆ ನಾವು ಕೊಟ್ಟ ಮೂರು ನಂಬರಿಗೆ ಒಂದಾದ ಮೇಲೆ ಒಂದು ಕರೆ ಹೋಗುತ್ತದೆ. ಮೊದಲ ವಾರ ಮಗ ಎರಡು ಸಲ ಒತ್ತಿದ್ದಾನೆ. ನಾನು ಆಗ ತೋಟದ ಕೆಳಗಿನ ಹಂತದಲ್ಲಿದ್ದೆ, ಅಲ್ಲಿ ಸಿಗ್ನಲ್ ಇಲ್ಲ. ಅವನ ಅಪ್ಪ ಕುಶಾಲನಗರದಲ್ಲಿದ್ದರು, ಕರೆ ತೆಗೆದರು, ಬರೀ ಗದ್ದಲ ಕೇಳಿಸಿತು, ಕಡಿದುಹೋಯಿತು. ಅಷ್ಟು ದೂರದಲ್ಲಿ ನಿಂತು ಏನು ಮಾಡುವುದು? ನಾಲ್ಕನೇ ದಿನ ಆ ಹುಡುಗರೇ ವಾಚ್ ಕಿತ್ತುಕೊಂಡು ಗುಂಡಿ ಒತ್ತಿದರು. ನನ್ನ ಫೋನಿಗೆ ಕರೆ ಬಂತು. ಗಾಬರಿಯಲ್ಲಿ ಎತ್ತಿದೆ. ಆಚೆಯಿಂದ ನಗು, ಮತ್ತೆ ಆ ಎಣಿಕೆ. ವಾಚು ಅವರಿಗೆ ಹೊಸ ಆಟದ ಸಾಮಾನು ಆಗಿತ್ತು. ಮೊದಲು ಕೊಡೆ ಮಾತ್ರ ಇತ್ತು, ಈಗ ಕೊಡೆಯ ಜೊತೆ ವಾಚು. ಕಾವಲಿಗೆ ಅಂತ ಕೊಟ್ಟದ್ದೇ ಅವನು ಇನ್ನಷ್ಟು ಎದ್ದು ಕಾಣುವ ಹಾಗೆ ಮಾಡಿತು. ಇದನ್ನು ಯಾವ ರಿವ್ಯೂನಲ್ಲೂ ನಾನು ಓದಿರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಈಗ ಹೇಳಬೇಕಾದ್ದು ಸುಲಭವಲ್ಲ. ಆಪ್‌ನಲ್ಲಿ 'ಮಾನಿಟರ್' ಅಂತ ಒಂದು ಆಯ್ಕೆ ಇದೆ. ಅದನ್ನು ಒತ್ತಿದರೆ ವಾಚು ಸದ್ದಿಲ್ಲದೆ ನಮ್ಮ ಫೋನಿಗೆ ಕರೆ ಮಾಡುತ್ತದೆ. ಮಗುವಿಗೆ ಗೊತ್ತಾಗುವುದಿಲ್ಲ, ಸುತ್ತಲಿನ ಮಾತೆಲ್ಲ ನಮಗೆ ಕೇಳುತ್ತದೆ. ಒಂದು ಸಂಜೆ ಬಸ್ಸು ಸಿಗ್ನಲ್ ಇರುವ ಜಾಗ ದಾಟುವ ಹೊತ್ತಿಗೆ ಸರಿಯಾಗಿ ನಾನು ಒತ್ತಿದೆ. ನಾಲ್ಕೈದು ನಿಮಿಷ ಕೇಳಿಸಿತು. ಇಂಜಿನ್ ಸದ್ದು, ಹಾಡು, ಆ ಮೂವರ ದನಿ. ನನ್ನ ಮಗನ ದನಿ ಒಮ್ಮೆಯೂ ಕೇಳಲಿಲ್ಲ. ಅವನು ಮಾತಾಡುವುದನ್ನೇ ಬಿಟ್ಟಿದ್ದ. ಆ ಬಸ್ಸಿನಲ್ಲಿ ಮೂವತ್ತಕ್ಕಿಂತ ಜಾಸ್ತಿ ಮಕ್ಕಳಿದ್ದರು, ಒಂದು ಮಗುವೂ ಬಿಡ್ರೋ ಅವನನ್ನ ಅನ್ನಲಿಲ್ಲ. ನನಗೆ ಕೈಕಾಲು ನಡುಗಿತು.

ಮಗ ಮನೆಗೆ ಬಂದಾಗ ಬಾಯಿ ತಪ್ಪಿ ಹೇಳಿಬಿಟ್ಟೆ, ನಾನೆಲ್ಲ ಕೇಳಿಸಿಕೊಂಡೆ ಪುಟ್ಟ ಅಂತ. ಸಮಾಧಾನ ಆಗಬಹುದು ಅಂದುಕೊಂಡಿದ್ದೆ. ಅವನು ವಾಚ್ ಬಿಚ್ಚಿ ಟೇಬಲ್ ಮೇಲಿಟ್ಟ. "ನೀನೂ ಕದ್ದು ಕೇಳ್ತೀಯಾ ಅಮ್ಮ?" ಆ ವಾಕ್ಯವನ್ನು ಹೇಳಿ ಮುಗಿಸಲು ಅವನಿಗೆ ತುಂಬಾ ಹೊತ್ತು ಹಿಡಿಯಿತು. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಹೀಗೆ ಕದ್ದು ಕೇಳುವ ಮಕ್ಕಳ ವಾಚುಗಳನ್ನು ಜರ್ಮನಿಯಲ್ಲಿ 2017ರ ನವೆಂಬರ್‌ನಲ್ಲೇ ನಿಷೇಧ ಮಾಡಿದ್ದಾರೆ. ತಾಯಿ ತಂದೆಯರು ಕ್ಲಾಸಿನಲ್ಲಿ ಪಾಠ ಮಾಡುವ ಟೀಚರ್ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದರಂತೆ. ಅದೇ ವರ್ಷ ನಾರ್ವೆಯ ಗ್ರಾಹಕರ ಸಂಸ್ಥೆಯವರು ಇಂಥ ಕೆಲವು ವಾಚುಗಳನ್ನು ಪರೀಕ್ಷೆ ಮಾಡಿದಾಗ, ಹೊರಗಿನವರು ಯಾರೋ ಅದರೊಳಗೆ ನುಗ್ಗಿ ಮಗು ಎಲ್ಲಿದೆ ಅಂತ ನೋಡಬಹುದು ಅಂತ ಗೊತ್ತಾಯಿತು. ನಾನು ಕೇಳಿಸಿಕೊಂಡ ಆ ನಾಲ್ಕೈದು ನಿಮಿಷದಲ್ಲಿ ನನ್ನ ಮಗ ಒಬ್ಬನೇ ಇರಲಿಲ್ಲ, ಬೇರೆಯವರ ಮಕ್ಕಳೂ ಇದ್ದರು, ಅವರನ್ನು ಕೇಳದೆ ಅವರ ಮಾತು ಕೇಳಿಸಿಕೊಂಡೆ. ಆ ಆಯ್ಕೆಯನ್ನು ಮತ್ತೆ ಮುಟ್ಟಿಲ್ಲ. ಮಗನ ಮುಂದೆಯೇ ಆಪ್ ತೆರೆದು ತೋರಿಸಿ, ಇದನ್ನು ಇನ್ನು ಒತ್ತುವುದಿಲ್ಲ ಅಂತ ಮಾತು ಕೊಟ್ಟೆ. ನೀವು ಇಂಥ ವಾಚ್ ಕೊಂಡಿದ್ದರೆ ದಯವಿಟ್ಟು ಆ ಗುಂಡಿಯಿಂದ ದೂರ ಇರಿ. ನಂಬಿಕೆ ಇರುವ ಒಬ್ಬ ದೊಡ್ಡವರು ಬೇಕು ಅಂತ ಮಗು ಹುಡುಕುವ ಹೊತ್ತಿನಲ್ಲಿಯೇ ನಾವು ಆ ನಂಬಿಕೆ ಕಳೆದುಕೊಂಡುಬಿಡುತ್ತೇವೆ.

ಕೊನೆಗೆ ಶಾಲೆಗೆ ಹೋದೆ. ವಾಚ್ ಕೊಳ್ಳುವ ಮೊದಲೇ ಹೋಗಬೇಕಿತ್ತು. ಯಾಕೆ ಹೋಗಲಿಲ್ಲ ಅಂದರೆ, ಹೋದರೆ ಆ ಹುಡುಗರು ಇನ್ನೂ ಜಾಸ್ತಿ ಮಾಡುತ್ತಾರೆ ಅಂತ ಮಗ ಅತ್ತಿದ್ದ. ಅವನ ಭಯ ಸುಳ್ಳಾಗಲಿಲ್ಲ. ಕ್ಲಾಸ್ ಟೀಚರ್ ಮೊದಲು ಅಂದದ್ದು, "ಹುಡುಗರು ಅಲ್ವಾ ಮೇಡಂ, ಸ್ವಲ್ಪ ಕೀಟಲೆ ಇದ್ದೇ ಇರುತ್ತೆ." ಆಮೇಲೆ ನನ್ನ ಮಗನನ್ನೂ ಆ ಮೂವರನ್ನೂ ಒಟ್ಟಿಗೆ ಸ್ಟಾಫ್ ರೂಮಿಗೆ ಕರೆಸಿ, ಕೈ ಕುಲುಕಿಸಿ, ಇನ್ನು ಫ್ರೆಂಡ್ಸ್ ಅಂತ ಹೇಳಿಸಿ ಕಳಿಸಿದರು. ಅವತ್ತು ಸಂಜೆ ಬಸ್ಸಿನಲ್ಲಿ ಎಣಿಕೆ ಹತ್ತಕ್ಕೆ ನಿಲ್ಲಲಿಲ್ಲ.

ಟೀಚರ್ ಕೆಟ್ಟವರಲ್ಲ. ನಾವೆಲ್ಲ ಬೆಳೆದದ್ದೇ ಹಾಗೆ. ಕೀಟಲೆಗೂ ಇದಕ್ಕೂ ಏನು ವ್ಯತ್ಯಾಸ ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ. ಇದನ್ನು ಮೊದಲು ಕೂತು ಅಧ್ಯಯನ ಮಾಡಿದವರಲ್ಲಿ ಒಬ್ಬರು ನಾರ್ವೆಯ ಬರ್ಗೆನ್‌ನಲ್ಲಿದ್ದ ಡಾನ್ ಓಲ್ವೇಯಸ್, 1970ರ ದಶಕದಿಂದಲೇ. ಅವರು ಮೂರು ಗುರುತು ಹೇಳುತ್ತಾರೆ. ಬೇಕಂತಲೇ ನೋಯಿಸುವುದು, ಮತ್ತೆ ಮತ್ತೆ ಮಾಡುವುದು, ಮತ್ತು ಇಬ್ಬರ ಬಲ ಸಮ ಇಲ್ಲದಿರುವುದು. ಆ ಮೂರನೆಯದನ್ನು ನಾವು ಮರೆಯುತ್ತೇವೆ. ಇಬ್ಬರು ಒಂದೇ ವಯಸ್ಸಿನ ಹುಡುಗರು ಹಾಕಿ ಸ್ಟಿಕ್‌ಗೆ ಜಗಳ ಆಡಿದರೆ ಅದು ಜಗಳ, ಕೂರಿಸಿ ರಾಜಿ ಮಾಡಿಸಬಹುದು. ಮೂವರು ದೊಡ್ಡವರು ಒಬ್ಬ ಸಣ್ಣವನ ಮೇಲೆ ದಿನಾ ಮಾಡುವುದು ಜಗಳ ಅಲ್ಲ. ಅಲ್ಲಿ ರಾಜಿ ಮಾಡಿಸಲು ಹೋದರೆ, ಪೆಟ್ಟು ತಿಂದವನೂ ಅರ್ಧ ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತದೆ. ಕೈ ಕುಲುಕುವಾಗ ನನ್ನ ಮಗನೂ ಸಾರಿ ಹೇಳಿದ್ದನಂತೆ. ಯಾವುದಕ್ಕೆ ಸಾರಿ?

ಎರಡನೇ ಸಲ ಹೋಗುವಾಗ ಕೈಯಲ್ಲಿ ಒಂದು ನೋಟ್ ಪುಸ್ತಕ ಇತ್ತು. ಅಜ್ಜಿ ಹೇಳಿದ ಉಪಾಯ ಅದು. ಮಗ ದಿನಾ ಸಂಜೆ ಅಜ್ಜಿ ಹತ್ತಿರ ಕೂತು ಹೇಳುವುದು, ಅಜ್ಜಿ ಬರೆಯುವುದು. ತಾರೀಕು, ಬೆಳಿಗ್ಗೆಯೋ ಸಂಜೆಯೋ, ಯಾವ ಸೀಟು, ಏನು ಮಾಡಿದರು, ಹತ್ತಿರ ಯಾರಿದ್ದರು. ಹದಿನೈದು ದಿನದ ಲೆಕ್ಕ. ಇದನ್ನು ಓದಿದ ಮೇಲೆ ಕ್ಲಾಸ್ ಟೀಚರ್ ಮುಖವೇ ಬದಲಾಯಿತು, ಅವರೇ ಎದ್ದು ಹೆಡ್ ಮಿಸ್ ಹತ್ತಿರ ಕರೆದುಕೊಂಡು ಹೋದರು. ಪುಸ್ತಕದಲ್ಲಿ ಒಂದು ವಿಷಯ ಎದ್ದು ಕಂಡಿತು, ಶಾಲೆಯೊಳಗೆ ಒಂದು ದಿನವೂ ಏನೂ ಆಗಿಲ್ಲ. ಎಲ್ಲವೂ ಬಸ್ಸಿನಲ್ಲಿ, ಅದೂ ಹಿಂದಿನ ಸಾಲುಗಳಲ್ಲಿ. ದೊಡ್ಡವರ ಕಣ್ಣಿಲ್ಲದ ಜಾಗ ಯಾವುದು ಅಂತ ಹದಿನೈದು ದಿನದ ಆ ಬರಹ ತೋರಿಸಿತು, 4,499 ರೂಪಾಯಿಯ ಜಿಪಿಎಸ್ ತೋರಿಸಲಿಲ್ಲ.

ಹೆಡ್ ಮಿಸ್ ಮಾಡಿದ್ದು ಇಷ್ಟು. ಸಣ್ಣ ಕ್ಲಾಸಿನವರು ಮುಂದೆ, ದೊಡ್ಡವರು ಅವರವರ ಹೆಸರಿನ ಸೀಟಿನಲ್ಲಿ, ಆ ಮೂವರು ಬೇರೆ ಬೇರೆ ಸಾಲಿನಲ್ಲಿ. ಕ್ಲೀನರ್ ಬಾಗಿಲಲ್ಲಿ ನಿಲ್ಲುವ ಬದಲು ಬಸ್ಸಿನ ನಡುವೆ ಕೂರಬೇಕು. ಆ ಮೂವರನ್ನು ಒಬ್ಬೊಬ್ಬರನ್ನಾಗಿ ಕರೆದು, ಅವರ ಮನೆಯವರನ್ನೂ ಬೇರೆ ಬೇರೆ ಕರೆದು ಮಾತಾಡಿದರು, ನನ್ನ ಮಗನ ಎದುರಿಗೆ ನಿಲ್ಲಿಸಲಿಲ್ಲ. ಎಲ್ಲರ ಮುಂದೆ ಅವಮಾನ ಮಾಡಲಿಲ್ಲ, ಹೊಡೆಯಲಿಲ್ಲ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದು, ಮನಸ್ಸಿಗೆ ಹಿಂಸೆ ಕೊಡುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ತಪ್ಪು, ತಪ್ಪು ಮಾಡಿದ ಮಗುವಿಗೂ ಅದು ಅನ್ವಯಿಸುತ್ತದೆ ಅಂತ ಅವರೇ ನನಗೆ ಹೇಳಿದರು. ಆಗ ನನಗೆ ಸ್ವಲ್ಪ ಸಿಟ್ಟು ಬಂದಿತ್ತು, ನಿಜ ಹೇಳುತ್ತೇನೆ. ಈಗ ಅವರು ಸರಿ ಅನ್ನಿಸುತ್ತದೆ. ದೊಡ್ಡವರು ಬಲ ತೋರಿಸಿ ಹೆದರಿಸಿದ್ದರೆ ಆ ಹುಡುಗರು ಅದನ್ನೇ ಕಲಿತು ಇನ್ನೊಬ್ಬನ ಮೇಲೆ ತೋರಿಸುತ್ತಿದ್ದರು.

ಸಿಬಿಎಸ್ಇ ಶಾಲೆಗಳಲ್ಲಿ ಓದುವ ಮಕ್ಕಳ ಪೋಷಕರು ಒಂದು ವಿಷಯ ತಿಳಿದಿರಲಿ. 2015ರ ಮಾರ್ಚ್‌ನಲ್ಲಿ ಸಿಬಿಎಸ್ಇ ಸುತ್ತೋಲೆ ಕಳಿಸಿ, ಮಕ್ಕಳು ಮಕ್ಕಳನ್ನೇ ಹೀಗೆ ಪೀಡಿಸುವುದನ್ನು ತಡೆಯಲಿಕ್ಕೇ ಅಂತ ಶಾಲೆಗಳಲ್ಲಿ ಒಂದು ಸಮಿತಿ ಇರಬೇಕು ಅಂದಿದೆ. ಅದರಲ್ಲಿ ಟೀಚರ್, ಕೌನ್ಸೆಲರ್, ಪೋಷಕರು ಎಲ್ಲ ಇರಬೇಕು. ನಿಮ್ಮ ಶಾಲೆಯಲ್ಲಿ ಆ ಸಮಿತಿಯಲ್ಲಿ ಯಾರಿದ್ದಾರೆ ಅಂತ ಪೇರೆಂಟ್ಸ್ ಮೀಟಿಂಗಿನಲ್ಲಿ ಕೇಳಿ. ಸರ್ಕಾರಿ ಶಾಲೆಗೆ ಹೋಗುವ ಮಕ್ಕಳಾದರೆ ಗ್ರಾಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ, ಅಲ್ಲಿ ಮಕ್ಕಳೇ ಎದ್ದು ನಿಂತು ಹೇಳಬಹುದು. ಬರೀ ರಸ್ತೆ, ಶೌಚಾಲಯ ಮಾತ್ರ ಅಲ್ಲ, ಇದನ್ನೂ ಹೇಳಬಹುದು ಅಂತ ಮಕ್ಕಳಿಗೆ ಮನೆಯಲ್ಲಿ ಹೇಳಿ ಕಳಿಸಿ.

ಸೀಟು ಬದಲಾಯಿಸಿದ್ದು ಅರ್ಧ ಕೆಲಸ ಮಾಡಿತು. ಇನ್ನರ್ಧ ಮಾಡಿದ್ದು ಏಳನೇ ಕ್ಲಾಸಿನ ಒಬ್ಬಳು ಹುಡುಗಿ. ನಮ್ಮ ಮುಂದಿನ ಸ್ಟಾಪಿನಲ್ಲಿ ಹತ್ತುತ್ತಾಳೆ, ಎಸ್ಟೇಟಿನ ಲೈನ್ ಮನೆಯ ಮಗು, ಅಂದರೆ ತೋಟದ ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆಯದು. ಸೀಟು ಬದಲಾದ ಮೂರನೇ ದಿನ, ಹಿಂದಿನಿಂದ ಒಬ್ಬ ಮತ್ತೆ ಒಂದು, ಎರಡು ಅಂತ ಶುರು ಮಾಡಿದ. ಅವಳು ಎದ್ದು ನಿಂತು, "ಸಾಕು ಮಾಡ್ರೋ" ಅಂದಳಂತೆ. ಆಮೇಲೆ ನನ್ನ ಮಗನಿಗೆ, "ಇಲ್ಲಿ ಬಾ, ನನ್ನ ಪಕ್ಕ ಕೂತ್ಕೋ." ಅಷ್ಟೇ. ಅವತ್ತು ಬಸ್ಸು ಸುಮ್ಮನಾಯಿತು. ಮರುದಿನ ಅವಳ ಜೊತೆ ಇನ್ನಿಬ್ಬರು ಸೇರಿದರು.

ನನಗೆ ಆಶ್ಚರ್ಯವಾಗಿ ಇದರ ಬಗ್ಗೆ ಹುಡುಕಿದೆ. ಕೆನಡಾದ ಟೊರೊಂಟೊದಲ್ಲಿ ಸಂಶೋಧಕರು ಮಕ್ಕಳಿಗೆ ಮೈಕ್ ಹಾಕಿಸಿ, ದೂರದಿಂದ ವಿಡಿಯೋ ಮಾಡಿ, ಶಾಲೆ ಮೈದಾನದಲ್ಲಿ ಏನಾಗುತ್ತದೆ ಅಂತ ನೋಡಿದ್ದಾರೆ. 2001ರಲ್ಲಿ ಅದರ ಫಲಿತಾಂಶ ಬಂತು. ಬೇರೆ ಮಗು ಮಧ್ಯೆ ಬಂದಾಗ ನೂರಕ್ಕೆ 57 ಸಲ ಹತ್ತು ಸೆಕೆಂಡಿನೊಳಗೆ ಪೀಡಿಸುವುದು ನಿಂತಿದೆ. ಹತ್ತು ಸೆಕೆಂಡ್! ನನ್ನ ಮಗನ ಮುಂದೆ ಅವರು ಎಣಿಸುತ್ತಿದ್ದುದೂ ಹತ್ತರವರೆಗೆ. ನಾನು ವಾಚಿನಲ್ಲಿ ಕೇಳಿಸಿಕೊಂಡ ಆ ಸಂಜೆ ಮೂವತ್ತು ಮಕ್ಕಳು ಸುಮ್ಮನಿದ್ದರು ಅಂತ ನನಗೆ ಸಿಟ್ಟಿತ್ತು. ಆದರೆ ಅವರಿಗೆ ಯಾರು ಹೇಳಿಕೊಟ್ಟಿದ್ದರು, ಹೀಗಾದಾಗ ನೀನು ಏನು ಮಾಡಬೇಕು ಅಂತ? ನಿನಗ್ಯಾಕೆ ಬೇರೆಯವರ ಉಸಾಬರಿ ಅಂತ ನಾವೇ ಮನೆಯಲ್ಲಿ ಹೇಳಿ ಕಳಿಸುತ್ತೇವೆ.

ಆ ಹುಡುಗಿಯನ್ನು ಒಂದು ದಿನ ಸ್ಟಾಪಿನಲ್ಲಿ ಮಾತಾಡಿಸಿದೆ. ನಿನಗೆ ಹೆದರಿಕೆ ಆಗಲಿಲ್ವಾ ಅಂದೆ. ಅವಳು ನನ್ನ ಮುಖ ನೋಡಲಿಲ್ಲ. "ನಂಗೂ ಐದನೇ ಕ್ಲಾಸಲ್ಲಿ ಲೈನ್ ಮನೆ ಅಂತ ಕರೀತಿದ್ರು ಆಂಟಿ" ಅಂದಳು. ನಮ್ಮ ಕೊಡಗಿನಲ್ಲಿ ಒಂದು ಬಸ್ಸಿನಲ್ಲಿ ಎಷ್ಟೊಂದು ಮಾತು ಇರುತ್ತದೆ ನೋಡಿ, ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಮಕ್ಕಳ ಮಾತು. ಕೇಳಲು ಎಷ್ಟು ಚೆಂದ. ಅದೇ ಮಾತಿನ ಧಾಟಿ ಹಿಡಿದು, ಮನೆ ಹಿಡಿದು, ಮೈಬಣ್ಣ ಹಿಡಿದು ಅಡ್ಡಹೆಸರು ಇಡುವುದೂ ಅಲ್ಲಿಯೇ. ಮಕ್ಕಳಿಗೆ ಆ ಹೆಸರುಗಳನ್ನು ಕಲಿಸಿದ್ದು ಯಾರು? ಜಗಲಿಯಲ್ಲಿ ಕಾಫಿ ಕುಡಿಯುತ್ತಾ ನಾವು ಕೂಲಿಯವರ ಬಗ್ಗೆ ಆಡುವ ಮಾತನ್ನು ಮಕ್ಕಳು ಕೇಳಿಸಿಕೊಳ್ಳುತ್ತಾರೆ, ಅವರಿಗೆ ಯಾವ ಮಾನಿಟರ್ ಗುಂಡಿಯೂ ಬೇಡ. ನಮ್ಮ ಮನೆಯಲ್ಲೂ ಅಂಥ ಮಾತು ಇತ್ತು. ಈಗ ಯಾರಾದರೂ ಶುರು ಮಾಡಿದರೆ ನಾನು ತಡೆಯುತ್ತೇನೆ.

ಆ ಮೂವರಲ್ಲಿ ಒಬ್ಬನ ತಾಯಿ ಸೋಮವಾರದ ಸಂತೆಯಲ್ಲಿ ಸಿಕ್ಕಿದರು. ನಾನು ಮುಖ ತಿರುಗಿಸಿ ಹೋಗಬೇಕು ಅಂತಿದ್ದೆ. ಅವರೇ ಹತ್ತಿರ ಬಂದು ಕೈ ಹಿಡಿದುಕೊಂಡರು. "ನಂಗೆ ಗೊತ್ತೇ ಇರ್ಲಿಲ್ಲ ಅಕ್ಕ, ಮನೇಲಿ ಅವ್ನು ಬಾಯೇ ಬಿಡಲ್ಲ" ಅಂದರು. ಹಸಿಮೆಣಸಿನ ರಾಶಿ ಮುಂದೆ ನಿಂತು ನಾವಿಬ್ಬರೂ ಅತ್ತೆವು. ನನ್ನ ಮಗನೂ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ತೊದಲುವಿಕೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು, ಇದನ್ನು ಎರಡು ವರ್ಷ ಮುಂಚೆಯೇ ಮಾಡಬೇಕಿತ್ತು. ಸಣ್ಣ ಮಕ್ಕಳಲ್ಲಿ ನೂರಕ್ಕೆ ಸುಮಾರು ಐವರಿಗೆ ಸ್ವಲ್ಪ ಕಾಲ ತೊದಲು ಬರುತ್ತದೆ, ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ, ಕೆಲವರಿಗೆ ಉಳಿಯುತ್ತದೆ. ಅವನ ವಾಕ್ಯವನ್ನು ನಾವು ಪೂರ್ತಿ ಮಾಡಬಾರದು, ನಿಧಾನ, ಉಸಿರು ತಗೋ ಅಂತ ತಿದ್ದಬಾರದು, ಅವನ ಕಣ್ಣು ನೋಡುತ್ತಾ ಕಾಯಬೇಕು. ಆದರೆ ತೊದಲು ಸರಿಯಾದರೆ ಪೀಡೆ ತಪ್ಪುತ್ತದೆ ಅನ್ನುವ ಲೆಕ್ಕ ನನ್ನದಲ್ಲ. ತೊದಲಿದರೂ ಆ ಬಸ್ಸಿನಲ್ಲಿ ಅವನಿಗೆ ಒಂದು ಸೀಟು ಇರಬೇಕು.

ನಿಮ್ಮ ಶಾಲೆಯವರು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳದಿದ್ದರೆ 1098 ಇದೆ. ಮಕ್ಕಳ ಸಹಾಯವಾಣಿ, ದುಡ್ಡಿಲ್ಲ, ಇಪ್ಪತ್ನಾಲ್ಕು ಗಂಟೆ. ಮಗುವೇ ಮಾಡಬಹುದು, ನಾವೂ ಮಾಡಬಹುದು. ಮಗು ಊಟ ನಿದ್ದೆ ಬಿಟ್ಟು ಮಂಕಾಗಿದ್ದರೆ ಅಥವಾ ಸಾಯುವ ಮಾತಾಡಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡುತ್ತಾರೆ, 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಈ ಎರಡು ನಂಬರನ್ನೂ ಮಗನ ಡೈರಿಯ ಮೊದಲ ಪುಟದಲ್ಲಿ ಬರೆದಿದ್ದೇನೆ, ಯಾವ ಸಿಮ್ಮೂ ಇಲ್ಲದ ದಿನ ಶಾಲೆಯ ಫೋನಿನಿಂದಾದರೂ ಮಾಡಲಿ ಅಂತ.

ಈಗ ಅಂಕ ಕೊಡುತ್ತೇನೆ. ಫೋನ್ ಕರೆಗೆ 5ಕ್ಕೆ 4. ಮಳೆ ತಡೆಯುವುದಕ್ಕೆ 5. ಜಾಗ ತೋರಿಸುವುದಕ್ಕೆ ನಮ್ಮ ಕಡೆ 1, ಪೇಟೆಯವರಿಗೆ 3 ಇರಬಹುದು. ಅಪಾಯದ ಗುಂಡಿಗೆ 2, ಅದು ಕೆಲಸ ಮಾಡುತ್ತದೆ, ಆದರೆ ಆ ಹೊತ್ತಿಗೆ ಹತ್ತಿರ ಇರಬೇಕಾದವರು ಹತ್ತಿರ ಇರುವುದಿಲ್ಲ. ಕದ್ದು ಕೇಳುವ ಆಯ್ಕೆಗೆ ಸೊನ್ನೆ, ಅದನ್ನು ತೆಗೆದೇ ಹಾಕಬೇಕು. ಮಕ್ಕಳನ್ನು ಕಾಯುತ್ತದೆ ಅನ್ನುವ ಆ ಒಂದು ಸಾಲಿಗೂ ಸೊನ್ನೆ. ಒಟ್ಟು 5ಕ್ಕೆ 2.

ವಾಚು ಈಗಲೂ ಇದೆ. ಕಾಫಿ ಕೊಯ್ಲು ಶುರುವಾಗಿದೆ, ಸಂಜೆ ನಾವೆಲ್ಲ ತೋಟದಲ್ಲಿರುತ್ತೇವೆ, ಬಸ್ಸಿಳಿದವನೇ ತಿರುವಿನಲ್ಲಿ ನಿಂತು ಅಜ್ಜಿಗೆ ಕರೆ ಮಾಡುತ್ತಾನೆ. ಅಲ್ಲಿ ಸಿಗ್ನಲ್ ಚೆನ್ನಾಗಿದೆ. ಮೊದಲು "ಬಂದೆ" ಅಂತ ಒಂದೇ ಮಾತು ಹೇಳಿ ಇಡುತ್ತಿದ್ದ. ಹೋದ ವಾರ ಬಸ್ಸಿನಲ್ಲಿ ಅಂತ್ಯಾಕ್ಷರಿ ಆಡಿದ್ದನ್ನು ಪೂರ್ತಿ ಹೇಳಿದನಂತೆ, ಅಲ್ಲಲ್ಲಿ ಸಿಕ್ಕಿಕೊಂಡು, ಮತ್ತೆ ಮುಂದುವರಿದು. ಅಜ್ಜಿ ಒಲೆ ಮೇಲಿನ ಹಾಲು ಉಕ್ಕಿದರೂ ಫೋನ್ ಇಡಲಿಲ್ಲ.

ಕೊಳ್ಳುವುದಾದರೆ ವಾಪಸ್ ಕೊಡುವ ದಿನ ಮುಗಿಯುವ ಮೊದಲು ವಾಚನ್ನು ನೀವೇ ಕೈಗೆ ಕಟ್ಟಿಕೊಂಡು, ಮಗು ಹೋಗುವ ಬಸ್ಸಿನಲ್ಲಿ ಒಮ್ಮೆ ಹೋಗಿ ಬನ್ನಿ. ಹಿಂದಿನ ಸೀಟಿನಲ್ಲಿ ಕೂತು ಹೋಗಿ.